ಅತ್ತಿಗೆಯ ಬಲಗೈ

ಫೆಬ್ರವರಿ 9, ಭಾನುವಾರ

ಬಲ ಮುಂಗೈ ಇಪ್ಪತ್ತೆಂಟೂವರೆ ಸೆಂಟಿಮೀಟರ್, ಎಡ ಇಪ್ಪತ್ತೊಂದು. ಮೊಣಕೈ ಮೇಲೆ ಅಳೆಯಬೇಡವೆಂದು ಅತ್ತಿಗೆ ಕೈ ಎಳೆದುಕೊಂಡರು. ಟೇಪು ತಣ್ಣಗಿದೆಯಂತೆ. ನಾನು ಬಿಡಲಿಲ್ಲ. ಮೂವತ್ತಾರು.

ಈ ಭಾನುವಾರದ ಅಳತೆಗೆ ಆರು ವರ್ಷವಾಯಿತು. ಎದೆಯ ಗಡ್ಡೆ ತೆಗೆದಾಗ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಜೀವ ಉಳಿಯಿತು, ಕೈ ಊದತೊಡಗಿತು. ಮೈಯೊಳಗೆ ರಕ್ತದ ಜೊತೆಗೆ ತಿಳಿನೀರಿನಂಥ ದುಗ್ಧರಸವೂ ಹರಿಯುತ್ತದೆ, ಕೈಯಿಂದ ಅದು ವಾಪಸು ಹೋಗುವ ದಾರಿ ಕಂಕುಳಿನಲ್ಲಿತ್ತು, ಈಗ ಮುಚ್ಚಿದೆ ಎಂದು ಕೇಳಿದವರಿಗೆಲ್ಲ ನಾನು ಉದ್ದಕ್ಕೆ ವಿವರಿಸುತ್ತೇನೆ. ಅತ್ತಿಗೆ ಕೆಳಗಿನ ತಮ್ಮ ಅಂಗಡಿಗೆ ಕೂದಲು ಕತ್ತರಿಸಿಕೊಳ್ಳಲು ಬರುವ ಹೆಂಗಸರಿಗೆ ಎರಡು ಮಾತಿನಲ್ಲಿ ಮುಗಿಸುತ್ತಾರೆ: "ಚರಂಡಿ ಕಟ್ಟಿದೆ." ಕೈಗೆ ಅವರಿಟ್ಟ ಹೆಸರು ಬಾಡಿಗೆದಾರ. ಎಷ್ಟು ಹೇಳಿದರೂ ಮನೆ ಖಾಲಿ ಮಾಡುವುದಿಲ್ಲವಂತೆ.

ಈಗ ಅಂಗಡಿಯಲ್ಲಿ ಕತ್ತರಿ ಆಡಿಸುವುದು ಹೆಚ್ಚಾಗಿ ಅವರ ಜೊತೆಗಾರ್ತಿ. ಅತ್ತಿಗೆ ಒಂದು ತಲೆ ಮುಗಿಸುವಷ್ಟರಲ್ಲಿ ತೋಳು ಕಲ್ಲಾಗುತ್ತದೆ. ನನಗೆ ಅದಕ್ಕಿಂತ ಹೆದರಿಕೆ ಜ್ವರದ್ದು. ಹೋದ ವರ್ಷ ಎರಡು ಸಲ ಕೈಗೆ ನಂಜೇರಿ ಕೆಂಪಾಗಿ, ಹತ್ತತ್ತು ದಿನ ಆಸ್ಪತ್ರೆ. ಮೂರನೆಯ ಸಲ ಅದು ರಕ್ತಕ್ಕೆ ಇಳಿದರೆ ಏನಾಗುತ್ತದೆಂದು ಇಲ್ಲಿ ಬರೆಯುವುದಿಲ್ಲ.

ಊತ ಏರದಂತೆ ತಡೆಯುವ ಬಿಗಿ ತೋಳುಚೀಲವನ್ನು ನಾನೇ ಎಳೆದು ಹಾಕಿದೆ. ಅವರಿಗೇ ಬಿಟ್ಟರೆ ಸಂಜೆಯವರೆಗೂ ಕುರ್ಚಿಯ ಮೇಲೆ ಬಿದ್ದಿರುತ್ತದೆ. "ನಿಂದು ಬರೀ ಅಪ್ಪಣೆ, ಪುಟ್ಟಿ" ಎಂದರು. ನಲವತ್ತೇಳರ ನನ್ನನ್ನು ಪುಟ್ಟಿ ಎನ್ನಲು ಉಳಿದಿರುವವರು ಇವರೊಬ್ಬರೇ. ಅಣ್ಣ ಹೋದ ಮೇಲೆ ಈ ಮೂರು ಕೋಣೆಯಲ್ಲಿ ನಾವಿಬ್ಬರೇ. ಯಾರಾದರೊಬ್ಬರು ಅಪ್ಪಣೆ ಮಾಡಬೇಕಲ್ಲ.

ಫೆಬ್ರವರಿ 12

ನಾನು ಕೆಲಸ ಮಾಡುವ ಆಸ್ಪತ್ರೆಗೆ ಹೊಸದಾಗಿ ಬಂದ ಶಸ್ತ್ರವೈದ್ಯೆ ನಮ್ಮ ಸ್ಕ್ಯಾನ್ ಕೋಣೆಗೆ ಬಂದು, ಸ್ಟೂಲು ಎಳೆದುಕೊಂಡು ನನ್ನ ಎದುರು ಕೂತರು. ಮೂವತ್ತೈದು ದಾಟಿರಲಿಕ್ಕಿಲ್ಲ. ವಾರ್ಡಿನವರು ಆಗಲೇ ಸೂಜಿ ಡಾಕ್ಟರು ಎಂದು ಹೆಸರಿಟ್ಟಿದ್ದಾರೆ. ಅವರು ಹೊಲಿಯುವ ಸೂಜಿ ರೆಪ್ಪೆಗೂದಲಿಗಿಂತ ಸಣ್ಣದು. ಕೆಳಗೆ ಬಿದ್ದರೆ ಹುಡುಕುವುದಕ್ಕೂ ಮೈಕ್ರೋಸ್ಕೋಪ್ ಬೇಕು.

ಊದಿದ ಕೈಯೊಳಗೆ ಇನ್ನೂ ಜೀವ ಹಿಡಿದುಕೊಂಡಿರುವ ದುಗ್ಧನಾಳವನ್ನು ಹುಡುಕಿ, ಪಕ್ಕದ ಸಣ್ಣ ರಕ್ತನಾಳಕ್ಕೆ ಹೊಲಿದುಬಿಟ್ಟರೆ ನೀರು ಕಂಕುಳಿನವರೆಗೆ ಹೋಗಬೇಕಾಗಿಲ್ಲ, ಅಲ್ಲೇ ರಕ್ತಕ್ಕೆ ಸೇರಿಕೊಳ್ಳುತ್ತದೆ ಎಂದರು. ಎರಡರ ಅಗಲವೂ ಅರ್ಧ ಮಿಲಿಮೀಟರಿನ ಆಸುಪಾಸು. ಎಲ್ಲಿ ಕೊಯ್ಯಬೇಕೆಂದು ತೋರಿಸಲು ಬಣ್ಣ ಚುಚ್ಚುವ ಕ್ರಮವಿದೆ. ಆದರೆ ವರ್ಷಗಟ್ಟಲೆ ಊದಿದ ಕೈಯಲ್ಲಿ ಬಣ್ಣ ಮಂಜಿನಂತೆ ಎಲ್ಲ ಕಡೆ ಹರಡಿ, ದಾರಿಯೇ ಕಾಣುವುದಿಲ್ಲ. ಅಂಥ ಕೈಗಳಿಗೆ ಸ್ಕ್ಯಾನೇ ಗತಿ. ಚರ್ಮದ ಕೆಳಗಿನ ಕೂದಲೆಳೆಯನ್ನೂ ತೋರಿಸುವ ಹೊಸ ಪ್ರೋಬ್ ತರಿಸಿದ್ದಾರಂತೆ, ಮೈಮೇಲೆ ಆಡಿಸುವ ಸ್ಕ್ಯಾನಿನ ಹಿಡಿ. ಅದನ್ನು ಹಿಡಿಯಲು ಕಲಿಯುವವರು ಒಬ್ಬರು ಬೇಕು.

ಸ್ಕ್ಯಾನ್ ಮಾಡುವುದರಲ್ಲಿ ಇಪ್ಪತ್ತೆರಡು ವರ್ಷದ ಅನುಭವ ನನ್ನದು. ಇದರಲ್ಲಿ ಕಲಿಯುವುದೇನಿದೆ ಅಂದುಕೊಂಡೆ. ಒಪ್ಪಿದೆ. ಒಪ್ಪಿದ ಮೇಲೆ ಅತ್ತಿಗೆಯ ವಿಷಯ ತೆಗೆದೆ. ಡಾಕ್ಟರು ತಲೆಯಾಡಿಸಿ, ಮೊದಲು ಕಲಿಯಿರಿ ಎಂದರು.

ಫೆಬ್ರವರಿ 18

ಆರು ದಿನದಿಂದ ಪರದೆಯ ಮೇಲೆ ಬೂದಿ ಬಣ್ಣ ಬಿಟ್ಟರೆ ಏನೂ ಇಲ್ಲ. ಇವತ್ತು ಡಾಕ್ಟರು ಹತ್ತು ನಿಮಿಷ ಹಿಂದೆ ನಿಂತು ನನ್ನ ಕೈಯನ್ನೇ ನೋಡಿದರು, ಪರದೆಯನ್ನಲ್ಲ. ಆಮೇಲೆ ತುಂಬ ಮರ್ಯಾದೆಯಿಂದ ಹೇಳಿದರು:

"ಮೇಡಂ, ಅದು ಅಲ್ಲೇ ಇದೆ. ನೀವು ಒತ್ತಿ ಒತ್ತಿ ಮುಚ್ಚಿಬಿಡ್ತಿದ್ದೀರಿ."

ಮನೆಗೆ ಬರುವ ದಾರಿಯುದ್ದಕ್ಕೂ ಸಿಟ್ಟು. ದಪ್ಪ ಹೊಟ್ಟೆಗಳ ಒಳಗಿಂದ ಪಿತ್ತಕೋಶದ ಕಲ್ಲು ಹುಡುಕಿದ ಕೈ ಇದು. ಒತ್ತದೆ ಏನು ಕಂಡೀತು? ನನ್ನ ಬಲ ಹೆಬ್ಬೆರಳಿನ ಬುಡದಲ್ಲಿ ಒತ್ತಿ ಒತ್ತಿಯೇ ಗಂಟು ಬಿದ್ದಿದೆ. ನಮ್ಮ ಕಸುಬಿನಲ್ಲಿ ಅದು ಹಿರಿತನದ ಗುರುತು.

ಅತ್ತಿಗೆ ಇವತ್ತೂ ಚೀಲ ಹಾಕಿಕೊಂಡಿರಲಿಲ್ಲ. ಗಟ್ಟಿಯಾಗಿಯೇ ಮಾತಾಡಿದೆ.

ಫೆಬ್ರವರಿ 20

ಊಟದ ಬಿಡುವಿನಲ್ಲಿ ನನ್ನದೇ ಮಣಿಕಟ್ಟಿನ ಮೇಲೆ ಅಭ್ಯಾಸ. ಜೆಲ್ಲನ್ನು ಗುಡ್ಡೆ ಹಾಕಬೇಕು. ಪ್ರೋಬು ಚರ್ಮಕ್ಕೆ ತಾಗದೆ ಆ ಗುಡ್ಡೆಯ ಮೇಲೆ ತೇಲಬೇಕು. ಭಾರವೆಲ್ಲ ಕಿರುಬೆರಳಿಗೆ. ಅರ್ಧ ನಿಮಿಷಕ್ಕೇ ಕೈ ನಡುಗುತ್ತದೆ. ಭಾರ ಎತ್ತುವುದಕ್ಕಿಂತ ಭಾರ ಹಾಕದಿರುವುದಕ್ಕೇ ಹೆಚ್ಚು ಶಕ್ತಿ ಬೇಕೆಂದು ಗೊತ್ತಿರಲಿಲ್ಲ.

ಫೆಬ್ರವರಿ 27

ಕಂಡಿತು.

ಹತ್ತೂ ಮುಕ್ಕಾಲಿಗೆ, ಕಾಲು ಊದಿದ ಒಬ್ಬ ಅಡುಗೆಯವರ ಪಾದದ ಮೇಲ್ಭಾಗದಲ್ಲಿ. ಮೂರು ಪುಟ್ಟ ತೂತುಗಳು ಸಾಲಾಗಿ. ಜೇನುಗೂಡಿನ ಹಾಗೆ ಚುಕ್ಕೆ ಚುಕ್ಕೆಯಾಗಿದ್ದದ್ದು ನರ. ಸೋಕಿದ ಹಾಗೆ ಒತ್ತಿದಾಗ ಕಣ್ಣು ಮುಚ್ಚಿದಂತೆ ಮುಚ್ಚಿಕೊಂಡಿದ್ದು ರಕ್ತನಾಳ. ಮೂರನೆಯದು ತಡೆದು ನಿಂತಿತು. ದುಂಡಗೆ, ಕಪ್ಪಗೆ, ಒಂದು ಪೂರ್ಣವಿರಾಮದಷ್ಟು. ರಕ್ತ ಹರಿದರೆ ಪರದೆಯಲ್ಲಿ ಬಣ್ಣವೂ ಸದ್ದೂ ಬರಬೇಕು, ಅದರೊಳಗೆ ಎರಡೂ ಇಲ್ಲ: ದುಗ್ಧನಾಳ.

ಅಡುಗೆಯವರು ಯಾಕೆ ಮೇಡಂ ಉಸಿರು ಬಿಗಿಹಿಡಿದಿರಿ ಎಂದು ಗಾಬರಿಯಾದರು.

ಮಾರ್ಚ್ 2, ಭಾನುವಾರ

ಅತ್ತಿಗೆಗೆ ಎಲ್ಲ ಹೇಳಿದೆ. ಪ್ರಜ್ಞೆ ತಪ್ಪಿಸುವುದಿಲ್ಲ, ಕೈಗೆ ಮಾತ್ರ ಮರಗಟ್ಟಿಸುವ ಸೂಜಿ. ಎರಡು ಸೆಂಟಿಮೀಟರಿನ ನಾಲ್ಕು ಗಾಯ. ನಾಲ್ಕು ಕಡೆ ಹೊಲಿಗೆ. ವಾಸಿಯಾಗಿಬಿಡುತ್ತದೆಂದಲ್ಲ, ಭಾರ ಇಳಿಯಬಹುದು, ನಂಜು ಕಡಿಮೆಯಾಗಬಹುದು. ಅವರು ಬಾಚಣಿಗೆಗಳನ್ನು ತೊಳೆಯುತ್ತಲೇ ಕೇಳಿಸಿಕೊಂಡರು. ಎಲ್ಲಿ ಕೊಯ್ಯಬೇಕೆಂದು ಗುರುತು ಹಾಕುವವರು ಯಾರು ಎಂದು ಕೇಳಿದರು. ನಾನೇ ಎಂದೆ. ಮನೆಯವರ ಕೈ, ಬೇಕಿದ್ದರೆ ಹೊರಗಿನಿಂದ ಯಾರನ್ನಾದರೂ ಕರೆಸೋಣ ಎಂದು ಡಾಕ್ಟರು ಹೇಳಿದ್ದರು. ಬೇಡವೆಂದಿದ್ದು ನಾನು. ಅದನ್ನು ಅತ್ತಿಗೆಗೆ ಹೇಳಲಿಲ್ಲ.

"ಸರಿ. ನೀನು ಅಂದ್ರೆ ಸರಿ" ಎಂದರು. ಇಷ್ಟು ಸುಲಭವಾಗಿ ಅವರು ಯಾವುದಕ್ಕೂ ಒಪ್ಪಿದ್ದು ನೆನಪಿಲ್ಲ.

ಮಾರ್ಚ್ 10

ಗುರುತು ಹಾಕಿದೆ. ಎರಡೂವರೆ ಗಂಟೆ ಹಿಡಿಯಿತು. ಮಂಚದ ಮೇಲೆ ಮಲಗಿದರೆ ಭುಜ ಸೆಳೆಯುತ್ತದೆ ಎಂದದ್ದಕ್ಕೆ ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಕೈ. ಅತ್ತಿಗೆಗೆ ಆರಾಮಾಯಿತು. ನಾಲ್ಕು ಜಾಗ ಸಿಕ್ಕವು. ಪ್ರತಿಯೊಂದರಲ್ಲೂ ದುಗ್ಧನಾಳದ ಪಕ್ಕದಲ್ಲೇ ಹೊಂದುವ ರಕ್ತನಾಳ. ಹಸಿರು ಶಾಯಿಯಲ್ಲಿ ನಾಲ್ಕು ಗೆರೆ ಎಳೆದೆ.

ಆರು ವರ್ಷ ಹೊರಗಿನಿಂದ ಅಳೆದ ಕೈ. ಒಳಗೆ ಹೀಗಿರುತ್ತದೆಂದು ಅಂದುಕೊಂಡಿರಲಿಲ್ಲ. ಅಷ್ಟೊಂದು ಊತದ ನಡುವೆ ಆ ನಾಳಗಳು ಗೋಡೆ ದಪ್ಪ ಮಾಡಿಕೊಂಡು, ಯಾರೂ ಕೇಳದಿದ್ದರೂ ತಮ್ಮ ಕೆಲಸ ಮಾಡುತ್ತ ಕೂತಿವೆ. ಅತ್ತಿಗೆ ನಿದ್ದೆ ಹೋಗಿದ್ದರು.

ಮಾರ್ಚ್ 11

ಒಂದೇ ಸಿಕ್ಕಿತು.

ಮಾರ್ಚ್ 12

ನಿನ್ನೆ ಅದಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ.

ಆಪರೇಷನ್ ಮೇಜಿನಲ್ಲಿ ಕೈಯನ್ನು ಪಕ್ಕಕ್ಕೆ ಚಾಚಿ, ಅಂಗೈ ಮೇಲೆ ಮಾಡಿ, ಹಲಗೆಗೆ ಕಟ್ಟುತ್ತಾರೆ. ನಾನು ಗುರುತು ಹಾಕಿದಾಗ ಕೈ ಮಡಚಿ, ಅಂಗೈ ಕೆಳಗಾಗಿ, ದಿಂಬಿನ ಮೇಲಿತ್ತು. ಊದಿದ ಚರ್ಮ ಒಳಗಿನದಕ್ಕೆ ಅಂಟಿಕೊಂಡಿರುವುದಿಲ್ಲ. ಕೈ ತಿರುಗಿದಾಗ ಚರ್ಮವೂ ಅದರ ಮೇಲಿನ ಹಸಿರು ಗೆರೆಗಳೂ ಒಂದು ಕಡೆ, ನಾಳಗಳು ಇನ್ನೊಂದು ಕಡೆ. ಏಳು ಮಿಲಿಮೀಟರ್ ಸರಿದಿದ್ದವು. ಅರ್ಧ ಮಿಲಿಮೀಟರಿನ ವಸ್ತುವಿಗೆ ಏಳು ಮಿಲಿಮೀಟರ್ ಅಂದರೆ ಬೇರೆ ಊರು. ಡಾಕ್ಟರು ನಾಲ್ಕು ಕಡೆ ಕೊಯ್ದು, ಐದು ಗಂಟೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಒಂದನ್ನು ಹೊಲಿದರು. ಅದೂ ಸಣ್ಣದು.

ಹೊಟ್ಟೆಯ ಸ್ಕ್ಯಾನಿನಲ್ಲಿ ಚರ್ಮದ ಮೇಲೆ ಗೆರೆ ಎಳೆಯುವ ಪ್ರಸಂಗವೇ ಇಲ್ಲ. ಯಕೃತ್ತು ಎಲ್ಲಿಗೂ ಓಡಿಹೋಗುವುದಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಏನೂ ಪ್ರಯೋಜನವಾಗಲಿಲ್ಲ.

ಡಾಕ್ಟರು ಬೈಯಲಿಲ್ಲ. ಕೈ ಹೇಗೆ ಇಡುತ್ತೇವೆಂದು ಮೊದಲೇ ಹೇಳಬೇಕಿತ್ತು, ಅರ್ಧ ತಪ್ಪು ತಮ್ಮದೂ ಎಂದರು. ಒಂದು ತಿಂಗಳು ಬಿಟ್ಟು ಮತ್ತೆ ಮಾಡೋಣ, ಈ ಸಲ ನೀವು ಪ್ರೋಬ್ ಹಿಡಿದು ಮೇಜಿನ ಹತ್ತಿರವೇ ಬನ್ನಿ ಎಂದರು. ಅತ್ತಿಗೆಗೆ ನಡೆದದ್ದನ್ನು ತಾವೇ ಹೇಳುವುದಾಗಿ ಹೊರಟಿದ್ದರು. ನಾನು ತಡೆದೆ. ನಾನೇ ಹೇಳುತ್ತೇನೆ ಎಂದೆ.

ಮಾರ್ಚ್ 14

ಹೇಳಲಿಲ್ಲ. ಅವರಿಗೆ ನೋವಿತ್ತು, ನಾಳೆ ಹೇಳಿದರಾಯಿತು.

ಮಾರ್ಚ್ 16, ಭಾನುವಾರ

ಕಟ್ಟು ಇರುವುದರಿಂದ ಅಳತೆಯಿಲ್ಲ.

ಮತ್ತೊಮ್ಮೆ ಮಾಡಬಹುದಂತೆ ಎಂದು ಪೀಠಿಕೆ ಹಾಕಿದೆ. ಅತ್ತಿಗೆ ಬೇಡ ಎಂದರು. ದನಿಯಲ್ಲಿ ಹಟವಿರಲಿಲ್ಲ, ಅದೇ ಹೆದರಿಕೆಯಾಗಿದ್ದು. ಐದು ಗಂಟೆ ಹುಡುಕಿದರೂ ಒಂದೇ ಸಿಕ್ಕಿತೆಂದರೆ ಒಳಗೆ ಇನ್ನೇನೂ ಉಳಿದಿಲ್ಲವೆಂದೇ ಅರ್ಥ ಎಂದರು. ಪಾಪ, ಆ ಡಾಕ್ಟರ ಕಣ್ಣು ಕೆಂಪಾಗಿಹೋಗಿತ್ತು ಎಂದರು. ಆ ಮಾತಿಗೆ ಬಾಯಿ ಬಿಡಬೇಕಿತ್ತು. ಟೀ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮಾರ್ಚ್ 18

ಆಸ್ಪತ್ರೆಯಿಂದ ಬಂದಾಗ ಅಂಗಡಿಯ ಜೊತೆಗಾರ್ತಿ ಮೆಟ್ಟಿಲ ಬಳಿ ನಿಲ್ಲಿಸಿದಳು. ಅತ್ತಿಗೆ ಮೂವತ್ತು ವರ್ಷದಿಂದ ಯಾರಿಗೂ ಮುಟ್ಟಗೊಡದ ಕತ್ತರಿಯನ್ನು ಇವತ್ತು ಅವಳ ಕೈಗೆ ಕೊಟ್ಟರಂತೆ. ಸಾಣೆ ಹಿಡಿಸುವವನ ವಿಳಾಸವನ್ನೂ ಬರೆದು ಕೊಟ್ಟರಂತೆ. ಅವಳಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಮೇಲೆ ಬಂದರೆ ಅತ್ತಿಗೆ ಕಿಟಕಿಯ ಬಳಿ ಕೂತು, ತೊಡೆಯ ಮೇಲಿನ ಬಲಗೈಗೆ ಮೆಲ್ಲಗೆ ಏನೋ ಹೇಳುತ್ತಿದ್ದರು. ಬೈಗುಳ. ತಮಾಷೆಯ ಬೈಗುಳವಲ್ಲ. ನಾನು ಬಾಗಿಲಲ್ಲೇ ನಿಂತೆ. ಅವರು ಈ ಮನೆಗೆ ಬಂದಾಗ ನನಗೆ ಹನ್ನೊಂದು, ನನ್ನ ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಹೇನು ತುಂಬಿದ ನನ್ನ ತಲೆಯನ್ನು ಮೊದಲ ವಾರವೇ ತೊಡೆಯ ಮೇಲೆ ಹಾಕಿಕೊಂಡದ್ದು ಈ ಕೈ. ಒಂದು ಚೂರೂ ನೋಯುವುದಿಲ್ಲ ನೋಡು ಎಂದಿದ್ದರು. ಹೇನಿಗೆ ನೋಯುವುದಿಲ್ಲವೋ ನನಗೋ ಎಂದು ಆಗ ತಿಳಿದಿರಲಿಲ್ಲ.

ಮಾರ್ಚ್ 20

ಇವತ್ತು ಅಂಗಡಿಗೆ ರಜೆ. ಮಧ್ಯಾಹ್ನ ಅತ್ತಿಗೆ ಕೆಳಗೆ ಕನ್ನಡಿ ಒರೆಸುತ್ತಿದ್ದರು, ಎಡಗೈಯಲ್ಲಿ. ನಾನು ಹೋಗಿ ಗಿರಾಕಿಯ ಕುರ್ಚಿಯಲ್ಲಿ ಕೂತು ಹೇಳಿದೆ. ಅವರ ಮುಖ ನೋಡಿ ಹೇಳಲಾಗದೆ ಕನ್ನಡಿಯಲ್ಲಿ ನೋಡಿಕೊಂಡು ಹೇಳಿದೆ. ದಿಂಬು, ಹಲಗೆ, ತಿರುಗಿದ ಕೈ, ಏಳು ಮಿಲಿಮೀಟರ್, ಬೇರೆಯವರನ್ನು ಕರೆಸಲು ನಾನು ಬಿಡದಿದ್ದದ್ದು, ಎಂಟು ದಿನ ಸುಮ್ಮನಿದ್ದದ್ದು, ಎಲ್ಲ.

ಅತ್ತಿಗೆ ಬಟ್ಟೆಯನ್ನು ಮಡಚಿ ಇಟ್ಟರು.

"ಅಂದ್ರೆ, ಒಳಗೆ ಇದೆ."

"ನಾಲ್ಕೂ ಇವೆ ಅತ್ತಿಗೆ. ನಾನು ಕಣ್ಣಾರೆ ನೋಡಿದೀನಿ."

"ತಪ್ಪು ನಿಂದು. ಕೈದಲ್ಲ."

"ನಂದೇ."

"ಎಂಟು ದಿನದಿಂದ ನಾನು ಇದನ್ನ ಬಾಯಿಗೆ ಬಂದ ಹಾಗೆ ಬೈದೆ, ಪುಟ್ಟಿ." ಎಡಗೈಯಿಂದ ಬಲಗೈಯ ಕಟ್ಟಿನ ಮೇಲೆ ಮೆಲ್ಲಗೆ ಸವರಿದರು. ಒಂದು ಮಗುವಿಗೆ ಕ್ಷಮೆ ಕೇಳುವ ಹಾಗೆ. ನನ್ನ ಕಡೆ ನೋಡಲೇ ಇಲ್ಲ. ಅದು ನನಗೆ ಬೇಕಾಗಿಯೂ ಇರಲಿಲ್ಲ.

ಅತ್ತಿಗೆಗೆ ಸಿಟ್ಟು ಬಂದದ್ದು ಆಮೇಲೆ, ನಾನು ಎಣಿಸದ ಕಡೆಯಿಂದ. ಒದ್ದೆ ಕೂದಲನ್ನು ಎಳೆದು ಹಿಡಿದು ಕತ್ತರಿಸಿದರೆ ಒಣಗಿದ ಮೇಲೆ ಒಂದು ಬೆರಳು ಮೇಲೆ ಹೋಗುತ್ತದೆ. ತಲೆ ಬಗ್ಗಿಸಿದಾಗ ನೋಡಿಕೊಂಡ ಅಂಚು ತಲೆ ಎತ್ತಿದಾಗ ಅಲ್ಲಿರುವುದಿಲ್ಲ. ಇದು ಅಂಗಡಿಗೆ ಬಂದ ಮೊದಲ ವಾರದಲ್ಲೇ ಯಾರಾದರೂ ಕಲಿಯುವ ಸಂಗತಿ ಎಂದರು.

"ಇಷ್ಟು ಓದಿದೀಯ. ಕೈ ಹೇಗಿಟ್ಟು ಕತ್ತರಿಸ್ತಾರೆ ಅಂತ ಮೊದಲು ಕೇಳ್ಬೇಕು ಅಂತ ಗೊತ್ತಾಗ್ಲಿಲ್ವಾ? ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ನೀನು ಯಾವತ್ತು ಕೇಳಿದೀಯ."

ಕೇಳಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಆಪರೇಷನ್ ಯಾವತ್ತು ಎಂದು ಕೇಳಿದರು. ಗುರುತು ಹಾಕುವುದಕ್ಕೆ ಬೇರೆಯವರನ್ನು ಕರೆಸುತ್ತೇನೆ ಎಂದೆ. ಒಂದು ಸಲ ಗಿರಾಕಿಯ ಕಿವಿ ಕೊಯ್ದವಳು ಜನ್ಮದಲ್ಲಿ ಇನ್ನೊಂದು ಕಿವಿ ಕೊಯ್ಯುವುದಿಲ್ಲ, ನೀನೇ ಇರು ಎಂದರು. ಅವರು ಯಾರ ಕಿವಿ ಕೊಯ್ದಿದ್ದರೆಂದು ಇವತ್ತಿನವರೆಗೂ ಹೇಳಿರಲಿಲ್ಲ. ಇವತ್ತೂ ಹೇಳಲಿಲ್ಲ.

ಏಪ್ರಿಲ್ 2

ಸಹಾಯಕ್ಕಿರುವ ನರ್ಸ್ ಒಬ್ಬರನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸಿ, ಕೈ ಚಾಚಿಸಿ, ಹಲಗೆಯ ಮೇಲೆ ಅಭ್ಯಾಸ ಮಾಡಿದೆ. ಮತ್ತೆ ಮತ್ತೆ. ಕೈಗವಸು ಹಾಕಿದ ಮೇಲೆ ಪ್ರೋಬಿನ ತೂಕವೇ ಬೇರೆ.

ಏಪ್ರಿಲ್ 9

ತೋಳುಚೀಲ ಹಾಕುವಾಗ ಮಣಿಕಟ್ಟಿನ ಒಳಭಾಗದಲ್ಲಿ ಅದು ಮಡಚಿಕೊಂಡು ಉರಿಯುತ್ತದೆ, ಅದಕ್ಕೇ ಹಾಕಿಕೊಳ್ಳುತ್ತಿರಲಿಲ್ಲ ಎಂದು ಅತ್ತಿಗೆ ಹೇಳಿದರು. ಆರು ವರ್ಷ ಹೇಳಿರಲಿಲ್ಲವಲ್ಲ ಎಂದೆ. ಕೇಳಿರಲಿಲ್ಲವಲ್ಲ ಎಂದರು. ಅಲ್ಲಿಗೆ ಮೆತ್ತನೆಯ ಬಟ್ಟೆ ಇಟ್ಟು ಹೊಲಿದೆ.

ಏಪ್ರಿಲ್ 16

ಬೆಳಿಗ್ಗೆ ಎಂಟಕ್ಕೆ ಮೇಜು. ಕೈ ಚಾಚಿ ಕಟ್ಟಿದ ಮೇಲೆ ನಾನು ಒಳಗೆ ಹೋದೆ. ಅತ್ತಿಗೆಯ ಮುಖಕ್ಕೂ ಕೈಗೂ ನಡುವೆ ನೀಲಿ ಪರದೆ. ಆಚೆಯಿಂದ ದನಿ ಮಾತ್ರ ಬರುತ್ತಿತ್ತು. ಪುಟ್ಟಿ ಬಂದಳಾ ಎಂದು ನರ್ಸನ್ನು ಕೇಳಿದರು. ಆ ಕೋಣೆಯಲ್ಲಿ ಇನ್ನು ನನಗೆ ಮೇಡಂ ಎನ್ನುವವರಿಲ್ಲ.

ಜೆಲ್ ಗುಡ್ಡೆ ಹಾಕಿ, ಕಿರುಬೆರಳು ಊರಿದೆ. ಮೊದಲು ಬರೀ ಬೂದಿ. ಡಾಕ್ಟರು ಕೈ ಕಟ್ಟಿಕೊಂಡು ಕಾದರು. ಪರದೆಯಾಚೆಯಿಂದ ಅತ್ತಿಗೆ, ನಂಗೇನೂ ಅರ್ಜೆಂಟಿಲ್ಲಮ್ಮ, ಹೇಗೂ ಕಟ್ಟಿಹಾಕಿದ್ದಾರೆ ಎಂದರು.

ಡಾಕ್ಟರು ನಕ್ಕರು. ನನ್ನ ಭುಜ ಇಳಿಯಿತು. ಭುಜ ಇಳಿದಾಗ ಒತ್ತುತ್ತಿದ್ದ ಕೈ ಒಂದು ಕೂದಲೆಳೆಯಷ್ಟು ಮೇಲೆ ಬಂದಿರಬೇಕು. ಬೂದಿಯ ನಡುವೆ ಕಪ್ಪು ಚುಕ್ಕೆ ತೆರೆದುಕೊಂಡಿತು. ಪಕ್ಕದಲ್ಲೇ ರಕ್ತನಾಳ. ಹಳೆಯ ಗಾಯದ ಗೆರೆಯಿಂದ ಅರ್ಧ ಬೆರಳಗಲ ಆಚೆ.

ಮಧ್ಯಾಹ್ನದ ಹೊತ್ತಿಗೆ ಮೂರು ಕಡೆ ಹೊಲಿಗೆಯಾಗಿತ್ತು. ನಾಲ್ಕನೆಯದರ ರಕ್ತನಾಳ ತುಂಬ ಸಣ್ಣದಿತ್ತು, ಬಿಟ್ಟರು. ಕೊನೆಯ ಹೊಲಿಗೆಯ ನಂತರ ಡಾಕ್ಟರು ಚಿಮಟದಂಥ ಹಿಡಿಕೆಯನ್ನು ಸಡಿಲಿಸಿ, ಮೈಕ್ರೋಸ್ಕೋಪಿನ ಪರದೆ ನೋಡುವಂತೆ ನನಗೆ ಸನ್ನೆ ಮಾಡಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ರಕ್ತನಾಳದೊಳಗಿನ ಕೆಂಪು ಹಿಂದೆ ಸರಿಯಿತು, ಯಾರೋ ದಾರಿ ಬಿಡಿ ಅಂದ ಹಾಗೆ. ಅದರ ಜಾಗದಲ್ಲಿ ನೀರು. ನಾಳ ಗಾಜಿನಂತೆ ತಿಳಿಯಾಯಿತು.

"ಏನು ಕಾಣ್ತಿದೆ?" ಅತ್ತಿಗೆ ಕೇಳಿದರು.

ಬಾಡಿಗೆದಾರ ಗಂಟುಮೂಟೆ ಕಟ್ಟುತ್ತಿದ್ದಾನೆ ಎಂದೆ. ಪರದೆಯಾಚೆ ನಗುತ್ತಿದ್ದಾರೋ ಅಳುತ್ತಿದ್ದಾರೋ ಇಣುಕಿ ನೋಡಲಿಲ್ಲ.

ಮೇ 3

ಕಟ್ಟು ಬಿಚ್ಚಿದರು. ಮುಂಗೈ ಇಪ್ಪತ್ತೇಳೂವರೆ. ಒಂದು ಸೆಂಟಿಮೀಟರ್ ಇಳಿದಿದೆ. ಇಷ್ಟಕ್ಕೇ ಕುಣಿಯಬೇಡಿ, ಮೊದಲ ವಾರಗಳಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ ಎಂದು ಡಾಕ್ಟರು ಹೇಳಿದರು. ಕುಣಿಯಲಿಲ್ಲ. ಬರುವಾಗ ಬಸ್ಸು ಹತ್ತದೆ ನಡೆದೇ ಬಂದೆವು.

ಮೇ 24

ಜೊತೆಗಾರ್ತಿ ಕತ್ತರಿ ವಾಪಸು ತಂದಿದ್ದಳು. ಅತ್ತಿಗೆ ತೆಗೆದುಕೊಳ್ಳಲಿಲ್ಲ. ಅದು ಈಗ ಅವಳ ಬೆರಳಿಗೆ ಒಗ್ಗಿದೆಯಂತೆ. ತಮಗೆ ಹಗುರಾದದ್ದು ಬೇರೆ ತರಿಸಿಕೊಂಡಿದ್ದಾರೆ. ದಿನಕ್ಕೆ ಎರಡು ತಲೆ, ಅದಕ್ಕಿಂತ ಹೆಚ್ಚಿಲ್ಲ.

ಜೂನ್ 20

ಡಾಕ್ಟರು ಭಾನುವಾರದ ಅಳತೆಗಳನ್ನು ಕೇಳಿದರು. ಪುಸ್ತಕ ತೆಗೆದು ನೋಡಿದರೆ ನಾಲ್ಕು ವಾರದ್ದು ಬರೆದೇ ಇಲ್ಲ. ಹೇಗೆ ಮರೆತೆನೋ. ಭಾನುವಾರ ಏನು ಮಾಡಿದೆವೆಂದು ನೆನಪಿಸಿಕೊಂಡೆ: ಒಂದು ಸಲ ಅವರು ರೇಡಿಯೋ ಕೇಳುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಓದುತ್ತಿದ್ದೆ. ಇನ್ನುಳಿದವು ನೆನಪಿಲ್ಲ. ಜ್ವರ ಬಂದಿಲ್ಲ, ಅದಂತೂ ಖಂಡಿತ.

ಜುಲೈ 13, ಭಾನುವಾರ

ಬೆಳಿಗ್ಗೆ ಟೀ ಸೋಸುತ್ತಿದ್ದೆ. ಪುಟ್ಟಿ, ಬಾ ಇಲ್ಲಿ ಎಂದು ಕರೆದರು. ದನಿ ಕೇಳಿ ಕೈ ಕೆಂಪಾಗಿದೆಯೋ ಏನೋ ಎಂದು ಒಲೆ ಆರಿಸಿ ಓಡಿದೆ.

ಅತ್ತಿಗೆ ಕಿಟಕಿಯ ಬಿಸಿಲಿನಲ್ಲಿ ಎರಡೂ ಕೈಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ಎಡಗೈಯ ಎರಡು ಬೆರಳಿನಿಂದ ಬಲ ಹಸ್ತದ ಹಿಂಭಾಗದ ಚರ್ಮವನ್ನು ಚಿವುಟಿ ಎತ್ತಿದರು. ಎದ್ದು ಬಂತು. ಬಿಗಿದ ಚೆಂಡಿನಂತೆ ಆರು ವರ್ಷ ಯಾವ ಬೆರಳಿಗೂ ಸಿಗದಿದ್ದ ಚರ್ಮ ತೆಳ್ಳಗಿನ ಮಡಿಕೆಯಾಗಿ ನಿಂತಿತು. ಬಿಟ್ಟಾಗ ತಕ್ಷಣ ಕೂರಲಿಲ್ಲ. ವಯಸ್ಸಾದ ಚರ್ಮ ಹೇಗೋ ಹಾಗೆ ಸಾವಕಾಶವಾಗಿ ಇಳಿಯಿತು. ಬೆರಳಿನ ಗೆಣ್ಣುಗಳ ಸುತ್ತ ಸುಕ್ಕು ಬಿದ್ದಿತ್ತು.

"ಸುಕ್ಕು ನೋಡೇ" ಎಂದರು. ಕನ್ನಡಿಯ ಮುಂದೆಯೇ ಜೀವನ ಕಳೆದವರು, ಒಂದು ಬಿಳಿ ಕೂದಲಿಗೂ ಇಡೀ ದಿನ ಮುಖ ಗಂಟಿಕ್ಕಿಕೊಳ್ಳುತ್ತಿದ್ದವರು. "ಇಷ್ಟು ದಿನ ಎಡಗೈ ಒಂದೇ ಮುದುಕಿಯಾಗ್ತಿತ್ತು ಪಾಪ. ಈಗ ಜೊತೆಯಾಯ್ತು."

ಮತ್ತೊಮ್ಮೆ ಚಿವುಟಿದರು. ಮತ್ತೊಮ್ಮೆ.

ನಾನು ಮುಟ್ಟಲಾ ಎಂದು ಕೇಳಿದೆ. ಕೈಯನ್ನು ನನ್ನ ಕಡೆ ಸರಿಸಿದರು.